ಎಲೆ ಒಗೆದ ಮಡಿವಾಳ

“ಗುರುಗಳೇ, ಒಬ್ಬರು ಮಾಡಿದ ಒಳ್ಳೆಯದನ್ನು ಮಾತ್ರ ಉಳಿಸಿಕೊಂಡು, ಮಿಕ್ಕದ್ದನ್ನು ಮನಸ್ಸಿನಿಂದ ತೊಳೆದು ಹಾಕುವುದು ಹೇಗೆ?” ಎಂದು ಚನ್ನಮಲ್ಲ ಕೇಳಿದ.

“ಯಾರ ವಿಷಯ?” ಎಂದರು ಗುರುಗಳು.

“ಅಕ್ಕನ ವಿಷಯ.”

ಎರಡು ದಿನದ ಹಿಂದೆ ಊರಿನಿಂದ ಸುದ್ದಿ ಬಂದಿತ್ತು. ಅಕ್ಕ ನೀಲವ್ವ ಹಾಸಿಗೆ ಹಿಡಿದಿದ್ದಾಳೆ, ಮತ್ತೆ ಏಳುವುದು ಅನುಮಾನ, ತಮ್ಮನನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾಳೆ. ಚನ್ನಮಲ್ಲನಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಅವನನ್ನು ಸಾಕಿದವಳು ನೀಲವ್ವ. ಮನೆಮನೆಗೆ ಹಪ್ಪಳ ಒತ್ತಿಕೊಟ್ಟು ಸಾಕಿದಳು. ಒಂದು ಹೊತ್ತೂ ಅವನನ್ನು ಉಪವಾಸ ಕೆಡವಲಿಲ್ಲ. ಆದರೆ ತಟ್ಟೆಗೆ ರೊಟ್ಟಿ ಬೀಳುವಾಗಲೆಲ್ಲ ಜೊತೆಗೊಂದು ಮಾತೂ ಬೀಳುತ್ತಿತ್ತು. “ತಿನ್ನು. ನನ್ನ ಹರೆಯ ತಿಂದದ್ದು ಸಾಲಲಿಲ್ಲ, ಇದನ್ನೂ ತಿನ್ನು.” ಮಠಕ್ಕೆ ಬಂದು ಹನ್ನೆರಡು ವರ್ಷವಾಗಿದ್ದರೂ ಆ ಮಾತು ಅವನ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಸುದ್ದಿ ಬಂದ ಮೇಲೆ ಎರಡು ಸಲ ಚೀಲ ಹೆಗಲಿಗೇರಿಸಿ ಹೊರಟು, ಹೊರಬಾಗಿಲಿನಿಂದ ತಿರುಗಿ ಬಂದಿದ್ದ.

“ಅವಳ ಅನ್ನಕ್ಕೆ ನಾನು ಋಣಿ. ಅದನ್ನು ಅವಳ ಮುಂದೆ ಕೂತು ಹೇಳಬೇಕು. ಆದರೆ ಅನ್ನ ನೆನೆದರೆ ಆ ಮಾತೂ ಎದ್ದು ಬರುತ್ತದೆ. ಅದೆಲ್ಲ ಹೋಗಿ ಮನಸ್ಸು ಶುಚಿಯಾಗಲಿ, ಆಮೇಲೆ ಹೋಗೋಣ ಎಂದುಕೊಂಡಿದ್ದೇನೆ” ಎಂದ.

“ಭೇಷ್! ಒಳ್ಳೆಯ ಕೆಲಸ ಹಿಡಿದಿದ್ದೀಯ. ಕೂತುಕೋ” ಎಂದರು ಗುರುಗಳು. “ನಿನ್ನ ಹಾಗೆಯೇ ಶುಚಿಯ ಹುಚ್ಚು ಹಿಡಿದವನು ಇನ್ನೊಬ್ಬನಿದ್ದ.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಮಡಿವಾಳ. ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಎಂಥ ಕರೆಯಿರಲಿ, ಸೋಡಾ ಹಾಕಿ, ಉಬ್ಬೆಗಿಟ್ಟು ಹಬೆಯಲ್ಲಿ ಬೇಯಿಸಿ, ಬಂಡೆಗೆ ಬಡಿದು, ಬಿಸಿಲಿಗೆ ಹರವಿದನೆಂದರೆ ಬಟ್ಟೆ ಹೊಸದು. ಅವನ ಹೆಂಡತಿ ಮಾತ್ರ ಬೇರೆಯೇ ಬಗೆಯ ಜೀವ. ದಾರಿಯಲ್ಲಿ ಚಂದದ ತರಗೆಲೆ ಕಂಡರೆ ಸೆರಗಿಗೆ ಕಟ್ಟಿಕೊಂಡು ಬರುವವಳು. ಅವನು ಗುಡಿಸಿದ ಮೂಲೆಯಲ್ಲಿ ಅವಳು ಒಂದು ತೊಗಟೆ ತಂದಿಡುವಳು. ಇದೇ ಜಗಳದಲ್ಲಿ ಅವರ ಸಂಸಾರ ಸಾಗಿತ್ತು.

ಒಂದು ಮನೆಯವರು ಮೀನು ಸಾಕುವ ಗಾಜಿನ ತೊಟ್ಟಿ ಸೋರುತ್ತದೆ ಎಂದು ಎಸೆಯಲು ಹೊರಟಾಗ ಹೆಂಡತಿ ಕೇಳಿ ತಂದಳು. ತಳಕ್ಕೆ ಬೆಣಚುಕಲ್ಲು ಹಾಸಿದಳು. ಅದರ ಮೇಲೆ ಹೊಂಗೆಮರದ ಬುಡದ ಕಪ್ಪು ಮಣ್ಣು, ಮಣ್ಣಿನ ಮೇಲೆ ಕೊಳೆತ ಎಲೆ, ಒಂದು ಟೊಳ್ಳು ತೊಗಟೆ. ಒಂದು ಬದಿಗೆ ಪಾಚಿ ಹೊದಿಸಿ ಅಲ್ಲಿಗೆ ಮಾತ್ರ ನೀರು ಚಿಮುಕಿಸುವಳು. ಇನ್ನೊಂದು ಬದಿಯನ್ನು ಒಣಗಲು ಬಿಟ್ಟು ಮೊಟ್ಟೆಯ ಚಿಪ್ಪಿನ ಚೂರು ಇಟ್ಟಳು. ಆಮೇಲೆ ಕಲ್ಲಿನಡಿಯಿಂದ ಉಂಡೆಹುಳಗಳನ್ನು ಆಯ್ದು ತಂದು ಬಿಟ್ಟಳು. ನೋಡಿದ್ದೀಯಲ್ಲ? ಬೂದು ಬಣ್ಣ, ಹೊಟ್ಟೆಯಡಿ ಸಾಲುಕಾಲು, ಮುಟ್ಟಿದರೆ ಮೆಣಸಿನ ಕಾಳಿನಷ್ಟು ಉಂಡೆಯಾಗಿ ಮುದುಡುವ ಹುಳ. ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಗಾಜಿಗೆ ಮುಖವಿಟ್ಟು ಅವುಗಳ ಓಡಾಟ ನೋಡುತ್ತ ಕೂರುವುದೇ ಅವಳ ಹಬ್ಬ.

“ಊರಿನ ಕೊಳೆ ತೆಗೆಯುವವನ ಮನೆಯೊಳಗೆ ತಿಪ್ಪೆ ಕಟ್ಟಿದ್ದೀಯಲ್ಲೇ ಮಾರಾಯ್ತಿ!” ಎನ್ನುವನು ಅವನು.

“ನಿಮಗೆ ತಿಪ್ಪೆ, ಅವಕ್ಕೆ ಅರಮನೆ. ನೀವೇನು ಅಲ್ಲಿ ಮಲಗಬೇಕಾ? ಸುಮ್ಮನಿರಿ” ಎನ್ನುವಳು ಅವಳು.

ಆ ಹೆಂಡತಿ ಒಂದು ಜ್ವರದಲ್ಲಿ ಹೋಗಿಬಿಟ್ಟಳು. ಹೋಗುವ ಮುಂಚೆ ಗಂಡನ ಕೈಹಿಡಿದು, ಗಾಜಿನ ತೊಟ್ಟಿಯ ಕಡೆ ಕಣ್ಣು ಹಾಯಿಸಿ, “ಅವನ್ನು ಚೆನ್ನಾಗಿ ನೋಡಿಕೊಳ್ಳಿ” ಎಂದಳು. ಮಕ್ಕಳಿಲ್ಲದ ಮನೆ. ಅವಳ ಕೈಯಲ್ಲಿ ಬದುಕಿದ್ದು, ಇನ್ನೂ ಬದುಕಿರುವುದು ಅವಷ್ಟೇ. ಅವು ಉಳಿದರೆ ಅವಳು ಒಂದಿಷ್ಟು ಉಳಿದಂತೆ ಎಂದು ಮಡಿವಾಳ ಅತ್ತುಕೊಂಡೇ ಮಾತು ಕೊಟ್ಟ.

ಮಾತು ಕೊಟ್ಟ ಮೇಲೆ ಬಿಡುವವನಲ್ಲ. ಚೆನ್ನಾಗಿ ಎಂದರೆ ಅವನಿಗೆ ಗೊತ್ತಿದ್ದ ಅರ್ಥ ಒಂದೇ. ತಿಥಿ ಮುಗಿದ ಮರುದಿನ ಹುಳಗಳನ್ನು ಕೋಳಿಗರಿಯಿಂದ ಒಂದೊಂದಾಗಿ ಬಟ್ಟಲಿಗೆ ಎತ್ತಿಕೊಂಡ. ಮಣ್ಣು, ಕೊಳೆತ ಎಲೆ, ತೊಗಟೆ, ಎಲ್ಲವನ್ನೂ ಹಿತ್ತಲ ನುಗ್ಗೆಮರದ ಬುಡಕ್ಕೆ ಸುರಿದ. ಬೆಣಚುಕಲ್ಲನ್ನು ಸೋಡಾ ನೀರಿನಲ್ಲಿ ಕುದಿಸಿದ. ಹೊಸ ಎಲೆ ಕಿತ್ತು ತಂದು, ಅದನ್ನೂ ಉಬ್ಬೆಗಿಟ್ಟು, ಹೊಳೆಯಲ್ಲಿ ಜಾಲಿಸಿ, ಹಗ್ಗದ ಮೇಲೆ ಒಣಹಾಕಿದ. ಹಾಕಿದನಪ್ಪ, ನಗಬೇಡ! ತೊಳೆದ ಮರಳು ಹಾಸಿ, ಒಗೆದ ಎಲೆ ಹರವಿ, ಹುಳಗಳನ್ನು ಒಳಗೆ ಬಿಟ್ಟು, ಒಂದು ಹೋಳು ಸೌತೆಕಾಯಿಯನ್ನೂ ಇಟ್ಟ. ಗಾಜು ಫಳಫಳ ಹೊಳೆಯಿತು. “ನೋಡೇ, ಈಗ ನೋಡು ಹೇಗಿದೆ” ಎಂದು ಹೆಂಡತಿಗೆ ಹೇಳಿದ.

ನಾಲ್ಕನೆಯ ದಿನ ಎರಡು ಹುಳ ಅಂಗಾತ ಬಿದ್ದಿದ್ದವು. ಎಲ್ಲೋ ಕೊಳೆ ಉಳಿದಿರಬೇಕು ಎಂದು ಮತ್ತೆ ಎಲ್ಲವನ್ನೂ ತೆಗೆದು ತೊಳೆದ. ಇನ್ನೂ ಐದು ಸತ್ತವು. ಒಂದು ಹುಳದ ಹಿಂದಿನ ಅರ್ಧ ಮಾತ್ರ ಬೆಳ್ಳಗಾಯಿತು. ಅಯ್ಯೋ ಪಾಪ, ಅವನಿಗಾದ ಸಂತೋಷ ಏನು ಹೇಳಲಿ! ತನ್ನ ಒಗೆತ ಕಡೆಗೂ ಹತ್ತಿತು ಎಂದುಕೊಂಡ. ಆ ಹುಳ ಪೊರೆ ಬಿಡುವಾಗ ಮೊದಲು ಹಿಂದಿನ ಅರ್ಧ ಬಿಡುತ್ತದೆ, ಕೆಲವು ದಿನದ ಮೇಲೆ ಮುಂದಿನ ಅರ್ಧ. ಅದು ಅವನಿಗೇನು ಗೊತ್ತು? ಆ ಹುಳ ಮುಂದಿನ ಅರ್ಧ ಬಿಡುವ ಮುಂಚೆಯೇ ಸತ್ತಿತು. ಅರ್ಧ ತಿಂಗಳಲ್ಲಿ ತೊಟ್ಟಿಯಲ್ಲಿ ಉಳಿದದ್ದು ಮೂರೇ ಮೂರು.

ಮಡಿವಾಳ ತೊಟ್ಟಿಯನ್ನು ತಲೆಯ ಮೇಲೆ ಹೊತ್ತು, ಸಸಿ ಮಾರುವ ಒಬ್ಬ ಮುದುಕಿಯ ಹತ್ತಿರ ಓಡಿದ. ಅವಳು ಅವನ ಹೆಂಡತಿಗೆ ಗೆಳತಿ. ಮುದುಕಿ ಒಳಗೆ ಇಣುಕಿ, ಅವನ ಮುಖ ನೋಡಿ, ಮತ್ತೆ ಒಳಗೆ ಇಣುಕಿದಳು.

“ಅವಳು ಹಾಕಿದ್ದ ಮಣ್ಣು, ಕೊಳೆತ ಎಲೆ ಎಲ್ಲಿ?” ಎಂದಳು.

“ಗಲೀಜು ಅಂತ ಎಸೆದೆ.”

“ಎಸೆದೆಯಾ! ಅಲ್ಲಯ್ಯ, ಅದು ಅವುಗಳ ಊಟ. ಅದೇ ಹಾಸಿಗೆ, ಅದೇ ಮನೆ. ಆ ತೇವ ಇಲ್ಲದಿದ್ದರೆ ಅವಕ್ಕೆ ಉಸಿರೂ ಆಡುವುದಿಲ್ಲ. ಅವಳ ಹುಳಗಳನ್ನು ಇಟ್ಟುಕೊಂಡು ಅವಳು ಮಾಡಿದ್ದನ್ನೆಲ್ಲ ಹೊರಗೆ ಹಾಕಿದೆಯಲ್ಲ, ಅವು ಹೇಗೆ ಬದುಕಬೇಕು? ಇಲ್ಲಿ ಯಾಕೆ ನಿಂತಿದ್ದೀಯ? ಓಡು, ಹೋಗಿ ಹುಡುಕು!”

ಮಡಿವಾಳ ತೊಟ್ಟಿ ಹೊತ್ತು ಮನೆಗೆ ಓಡಿದ. ನುಗ್ಗೆಮರದ ಬುಡದಲ್ಲಿ ಮಂಡಿಯೂರಿದ. ಮೇಲಿನ ಎಲೆ ಒಣಗಿ ಮುದುಡಿತ್ತು. ಎಲ್ಲ ಮುಗಿಯಿತು ಎಂದುಕೊಂಡು ತೊಗಟೆಯನ್ನು ಮೆಲ್ಲಗೆ ಎತ್ತಿದ. ಅದರಡಿ ಮಣ್ಣು ಇನ್ನೂ ತಣ್ಣಗಿತ್ತು. ಮಣ್ಣಿನ ತುಂಬ ನುಚ್ಚಿನಷ್ಟು ಸಣ್ಣ ಬಿಳಿಯ ಮರಿಗಳು ಓಡಾಡುತ್ತಿದ್ದವು. ಅವನು ಕಾಣದೆ ಸುರಿದುಬಿಟ್ಟಿದ್ದ ಮರಿಗಳು. ಅವನು ಎಸೆದ ಗಲೀಜೇ ಅವನ್ನು ಅಷ್ಟು ದಿನ ಕಾಪಾಡಿತ್ತು.

ಅವನು ಅಲ್ಲೇ ಕೂತು ಗೊಳೋ ಎಂದು ಅತ್ತ. “ಲೇ, ನಿನ್ನ ಕೈಗೆ ಶರಣು ಕಣೇ. ನೀನು ಬದುಕಿದ್ದಾಗ ಇದಕ್ಕೇ ಬೈದೆನಲ್ಲೇ” ಎಂದ. ಆಯುಸ್ಸಿಡೀ ಕೊಳೆ ತೆಗೆದ ಕೈಯಿಂದ ಕೊಳೆತ ಎಲೆಯ ಒಂದೊಂದು ಚೂರನ್ನೂ ಬಾಚಿಕೊಂಡು, ಹೆಗಲ ಮೇಲಿನ ಸೆಲ್ಲೆಯಲ್ಲಿ ಕಟ್ಟಿ ತಂದು, ಗಾಜಿನ ತೊಟ್ಟಿಗೆ ತುಂಬಿದ. ಉಳಿದಿದ್ದ ಮೂರು ಹುಳ ಎಲೆಯಡಿ ನುಗ್ಗಿ ಮರೆಯಾದವು. ಆ ಮನೆಯಲ್ಲಿ ಆಮೇಲೆ ಅವುಗಳ ಸಂತಾನ ಬೆಳೆಯಿತು. ಮಡಿವಾಳ ಸಂಜೆ ಗಾಜಿಗೆ ಮುಖವಿಟ್ಟು ಕೂರುವುದನ್ನು ಕಲಿತ. ದಾರಿಯಲ್ಲಿ ತರಗೆಲೆ ಕಂಡರೆ ಪಂಚೆಯ ಸೆರಗಿಗೆ ಕಟ್ಟಿಕೊಳ್ಳುವುದನ್ನೂ ಕಲಿತ.

ಗುರುಗಳು ಕತೆ ಮುಗಿಸಿದರು.

ಮಡಿವಾಳ ಅತ್ತದ್ದು ಕೇಳಿ ಚನ್ನಮಲ್ಲನಿಗೂ ಕಣ್ಣು ತುಂಬಿತ್ತು. ಅಕ್ಕನ ಕೈ ನೆನಪಾಯಿತು. ಕೂಡಲೇ ಅಕ್ಕನ ಮಾತೂ ನೆನಪಾಯಿತು.

“ಅದು ಎಲೆ, ಮಣ್ಣು. ಅಕ್ಕನ ಮಾತು ಮುಳ್ಳು ಗುರುಗಳೇ. ಮುಳ್ಳು ಯಾರ ಊಟವಾದೀತು?” ಎಂದ.

“ಯಾರದೂ ಅಲ್ಲ. ಅದನ್ನು ಹೂವು ಎಂದು ನಾನೂ ಹೇಳುವುದಿಲ್ಲ. ಚುಚ್ಚಿದ್ದು ನಿಜ, ನೋವೂ ನಿಜ” ಎಂದರು ಗುರುಗಳು. “ಆದರೆ ಒಂದು ಮಾತು ಹೇಳು ಚನ್ನಮಲ್ಲ. ಬಯ್ಯದ ಅಕ್ಕ ಇನ್ನೊಬ್ಬಳು ಬಂದು ನಿನಗೆ ಅನ್ನ ಇಕ್ಕಿದಳೇನು?”

ಚನ್ನಮಲ್ಲ ಎದ್ದು ಚೀಲ ಹೆಗಲಿಗೇರಿಸಿದ. ಈ ಸಲ ಹೊರಬಾಗಿಲಿನಿಂದ ತಿರುಗಿ ಬರಲಿಲ್ಲ.