ಬಾಯಿ ನೆಲಕ್ಕಿದ್ದ ಕೊಪ್ಪರಿಗಿ

ಕಲ್ಲಹೊಂಡದ ಮಠದ ಹಿತ್ತಲದಾಗ, ಬಾವಿ ಮಗ್ಗಲಕ ಒಂದು ಕರೇ ಚಪ್ಪಡಿ ಕಲ್ಲು ಐತಿ. ಆ ಕಲ್ಲಿನ ಮ್ಯಾಲ ಕುಂತು ಬಸಲಿಂಗಮ್ಮ ತಾಯಿಯವರು ನಲವತ್ತು ವರ್ಷ ದಾಸೋಹದ ಮುಸುರಿ ತಿಕ್ಯಾರ. ಅವರಿಗೆ ಜಪ ಅಂದ್ರ ಅದ, ತಪ ಅಂದ್ರ ಅದ. ಕೈಯಾಗ ತೆಂಗಿನ ನಾರು, ಎದುರಿಗೆ ಒಲಿ ಬೂದಿ, ಬಾಯಾಗ ಶಿವನಾಮ. ಅವರು ತಿಕ್ಕಿ ಚೆಲ್ಲಿದ ಬೂದಿ ಕೂಡಿ ಕೂಡಿ ಮಠದ ಹಿಂದ ಒಂದು ಗುಡ್ಡನ ಎದ್ದಿತ್ತು. ಅದರ ಮ್ಯಾಲ ಆಡು ಮೇಯ್ತಿದ್ವು. ಅವರು ಬೆಳಗಿದ ಗಂಗಾಳ ಬಿಸಿಲಿಗೆ ಇಟ್ರ, ಆಕಾಶದಾಗ ಹೊಂಟ ಕೊಕ್ಕರಿ ಕೆರಿ ಅಂತ ತಿಳಿದು ಇಳೀತಿದ್ವು. ಮೀನು ಸಿಗದಿದ್ರೂ ಬರಿಗೈಲೆ ಹೋಗ್ತಿರಲಿಲ್ಲ, ಪ್ರಸಾದ ಉಂಡು ಹೋಗ್ತಿದ್ವು.

ಆ ಮಠದಾಗ ಒಂದು ಕಟ್ಟಳೆ ಇತ್ತು. ಪಂಕ್ತಿಯೊಳಗ ಎಷ್ಟು ದೊಡ್ಡವರು ಕುಂತಿರಲಿ, ಮೊದಲ ತುತ್ತು ಮುಸುರಿ ತಿಕ್ಕಿದವರದ. ಪಾತ್ರಿಯೊಳಗ ಏನರ ದೋಷ ಉಳಿದಿದ್ರ ಅದು ತೊಳೆದವರ ಹೊಟ್ಟಿಗೇ ಮೊದಲು ಬೀಳಲಿ ಅಂತ. ತಾಯಿಯವರು ಬಾಯಿ ನೆಲಕ್ಕ ಮಾಡಿ ಡಬ್ಬ ಹಾಕಿದ ಪಾತ್ರಿ ಇದ್ರ, ಅದನ್ನ ಯಾರೂ ಎತ್ತಂಗಿಲ್ಲ ಅಂತಾನೂ ಇತ್ತು. ತಾಮ್ರದ ಪಾತ್ರಿ ಒಳಗ ಬಳಿದ ಕಲಾಯಿ ಸವೆದು ಹೋಗಿದ್ರ ಹುಳಿ ಬಿದ್ದ ಕೂಡಲೇ ಕಿಲುಬು ಏಳ್ತದ, ಅನ್ನ ವಿಷ ಆಗ್ತದ. ಕಲಾಯಿ ಹಾಕೋ ಮೌಲಾಸಾಬ ಬರೋತನಕ ಅದು ಡಬ್ಬನ ಇರಬೇಕು.

ಆ ವರ್ಷ ಅಡಗಿಗೆ ಬಂದಾವ ಉಡಚಪ್ಪ. ಮದುವಿ ಅಡಗಿಯೊಳಗ ಹೆಸರು ಮಾಡಿದಾವ. ಅವನ ಒಗ್ಗರಣಿ ಘಾಟಿಗೆ ಮೂರು ಹರದಾರಿ ಆಚೆ ಮಲಗಿದ ಮುದುಕರು ಎದ್ದು ಕುಂದರತಿದ್ರು. ಹಂಗ ಸೊಕ್ಕೂ ಇತ್ತು.

"ಮುಸುರಿ ತಿಕ್ಕಾಕಿ ಮೋಕ್ಷ ಕೊಡ್ತಾಳಂತ! ಹಂಗಾದ್ರ ನಮ್ಮೂರ ಹೆಣ್ಮಕ್ಕಳೆಲ್ಲಾ ಕೈಲಾಸದಾಗ ಇರಬೇಕಿತ್ತು" ಅಂತ ನಗತಿದ್ದ.

ತಾಯಿಯವರ ಕಿವಿಗೂ ಬಿತ್ತು. ಅವರು ನಾರು ತಿರುವಿ ತಿಕ್ಕಿದ್ರು, ಅಷ್ಟ.

ಶ್ರಾವಣದ ಅಮಾಸಿ ಬಂತು. ದೊಡ್ಡ ಕೊಪ್ಪರಿಗಿ ಮೂಲ್ಯಾಗ ಡಬ್ಬ ಬಿದ್ದು ಎಂಟು ದಿನ ಆಗಿತ್ತು. ಎಮ್ಮಿ ಕರುವಿನ ಸಮೇತ ಇಳಿದು ಮೈ ತೊಳಕೊಳ್ಳುವಷ್ಟು ದೊಡ್ಡ ಕೊಪ್ಪರಿಗಿ ಅದು. ಮೌಲಾಸಾಬ ಉರುಸಿಗೆ ಹೋದಾವ ಬಂದಿರಲಿಲ್ಲ. ಮುಂಜಾನೆ ನೋಡಿದ್ರ ಮಂದಿ ದಿನಕ್ಕಿಂತ ಮೂರು ಪಟ್ಟು. ಉಳಿದ ಪಾತ್ರಿ ಅನ್ನಕ್ಕ, ಹುಗ್ಗಿಗೆ ತುಂಬಿ ಹೋದ್ವು. ಹುಣಸಿ ಸಾರಿಗೆ ಪಾತ್ರಿ ಇಲ್ಲ.

ಉಡಚಪ್ಪ ಅತ್ತ ಇತ್ತ ನೋಡಿದ. ತಾಯಿಯವರು ಬಾವಿ ಕಡೆ ಇದ್ರು. "ಒಂದು ಹೊತ್ತಿಗೆ ಏನ್ ಮುಳುಗೋದೈತಿ" ಅಂದಾವನೇ ಕೊಪ್ಪರಿಗಿ ಹೊಳ್ಳಿಸಿ, ಹಸಿ ಅರಿವಿಲೆ ಒರೆಸಿ, ಒಲಿ ಮ್ಯಾಲ ಇಟ್ಟ. ದೇವರಿಗೆ ಎಡಿ ಆಗೋಕಿಂತ ಮೊದಲು ಅಡಗಿಯವ ರುಚಿ ನೋಡಂಗಿಲ್ಲ. ಹಂಗಾಗಿ ಸಾರು ನಾಲಿಗಿಗೆ ಬೀಳಲೇ ಇಲ್ಲ.

ಮಧ್ಯಾಹ್ನ ಪಂಕ್ತಿ ಕುಂತಿತು. ಉಡಚಪ್ಪ ತಾನ ಸೌಟು ಹಿಡಿದು ಬಿಂದಗಿ ಬಿಂದಗಿ ಸಾರು ತುಂಬಿ ಕೊಟ್ಟ, ಮಂದಿ ಬಡಿಸಿಕೋತ ಹೋದ್ರು. ಕೊಪ್ಪರಿಗಿ ಅರ್ಧಕ್ಕ ಇಳೀತು. ಆವಾಗ ಕಂಡಿತು. ಸಾರು ಇಳಿದ ಗೋಡಿ ಮ್ಯಾಲ ಕೆಂಪನ್ನ ತಾಮ್ರ, ಅದರ ಅಂಚಿಗೆ ಗಿಳಿ ಹಸರು.

ಸೌಟಿನ ಒಂದು ಹನಿ ನಾಲಿಗಿಗೆ ಹಚ್ಚಿದ. ಒಗರು! ನಾಲಿಗಿ ಅಂಗುಳಕ್ಕ ಅಂಟಿಕೊಂಡಿತು.

ಹೇಳಬೇಕು. ಬಾಯಿ ತೆರೆದ. ಪಂಕ್ತಿ ಕಡೆ ನೋಡಿದ್ರ ಸಾವಿರ ತಲಿ. ಹೇಳಿದ್ರ ಇಲ್ಲೇ ಕಲ್ಲು ಹೊಡೆದು ಕೊಲ್ಲತಾರ. ಬಾಯಿ ಮುಚ್ಚಿದ. ಒಂದು ಹೊತ್ತಿನ ಕಿಲುಬು, ವಾಂತಿ ಆದೀತು, ಅಷ್ಟ... ಆದ್ರ ಹಡದಗಲಿಯೊಳಗ ಒಂದು ಮದುವಿ ಊಟಕ್ಕ ಹಿಂಗ ಆಗಿ ಎರಡು ಹೆಣ ಎದ್ದಿದ್ದು ಅವ ಕಣ್ಣಾರೆ ನೋಡಿದ್ದ.

"ಏ ಉಡಚಪ್ಪಾ! ಯಾಕ ದೆವ್ವ ಕಂಡವರಂಗ ನಿಂತಿ?" ಪಂಕ್ತಿ ತುದಿಯಿಂದ ಚೌಡಪ್ಪ ಮುತ್ಯಾ ಕೂಗಿದ. "ಹೊಟ್ಟಿ ಬೆನ್ನಿಗೆ ಹತ್ತೇತಿ. ತಾಯಿಯವರನ್ನ ಲಗೂನ ಕರಿ, ಒಂದು ತುತ್ತು ಎತ್ತಲಿ!"

ಮುತ್ಯಾನ ಮಗ್ಗಲಕ ಯಾರೋ ಕಿಲಕಿಲ ನಕ್ರು. ಆ ನಗು ಗುರುತಿನದು. ಉಡಚಪ್ಪ ಹೊಳ್ಳಿ ನೋಡಿದ. ಅವನ ಮಗಳು ಹೊನ್ನವ್ವ! ಏಳು ತಿಂಗಳ ಚೊಚ್ಚಲ ಬಸುರಿ. ಅಪ್ಪನ ಅಡಗಿ ಉಣ್ಣಬೇಕು ಅನ್ನೋ ಬಯಕಿಗೆ ಹೇಳದ ಕೇಳದ ಬಂದು ಕುಂತಾಳ. ಅನ್ನ, ಸಾರು ಕಲಸಿ, ತುತ್ತು ಕಟ್ಟಿ, ತಾಯಿಯವರ ದಾರಿ ನೋಡಾಕತ್ಯಾಳ.

"ಯಪ್ಪಾ, ವಾಸನೀನ ಸಾಕು!" ಅಂದಳು.

ಉಡಚಪ್ಪನ ಕೈಯಾಗಿನ ಸೌಟು ಕೊಪ್ಪರಿಗಿಗೆ ಬಡಿದು ಗಣಗಣ ಅಂತು. ಅಂಜಿಕಿ ಅಂದ್ರ ಹಂಗ, ಮಗಳ ಎದುರಿಗೂ ಬಾಯಿ ಬಿಚ್ಚಗೊಡಂಗಿಲ್ಲ.

ಅಷ್ಟರಾಗ ತಾಯಿಯವರು ಬಂದ್ರು. ಕೈ ಇನ್ನೂ ಬೂದಿ. ಅಡಗಿ ಮನಿ ಮೂಲಿ ನೋಡಿದ್ರು; ಕೊಪ್ಪರಿಗಿ ಇದ್ದ ಜಾಗಾದಾಗ ನೆಲದ ಮ್ಯಾಲ ದುಂಡನ್ನ ಗುರುತು, ಅಷ್ಟ. ಒಲಿ ನೋಡಿದ್ರು. ಆಮ್ಯಾಲ ಉಡಚಪ್ಪನ ಮಾರಿ ನೋಡಿದ್ರು. ಆ ನೋಟಕ್ಕ ಉರಿಯೋ ಒಲಿ ತಣ್ಣಗಾತು, ಮರದಾಗಿನ ಕಾಗಿ ಸುಮ್ಮನಾದ್ವು.

"ಇದನ್ನ ನಾ ತಿಕ್ಕಿಲ್ಲ" ಅಂದ್ರು.

ಉಡಚಪ್ಪ ಸೌಟು ಕೆಳಗಿಟ್ಟ. ಈಗ ಹೇಳತಾರ. ಹೇಳಿಬಿಡಲಿ, ಎಲ್ಲಾ ಮುಗೀಲಿ.

ತಾಯಿಯವರು ಹೇಳಲಿಲ್ಲ. ಪಂಕ್ತಿಯೊಳಗ ಕುಂತ್ರು. "ಇರಲಿ. ಮೊದಲ ತುತ್ತು ನಂದ" ಅಂದು ಅನ್ನ, ಸಾರು ಕಲಸಿ ತುತ್ತು ಮಾಡಿ ಮ್ಯಾಲೆತ್ತಿದ್ರು. ಆ ಕೈ ನಡುಗಲಿಲ್ಲ. ತುತ್ತು ಎದಿ ದಾಟ್ತು, ಗದ್ದ ದಾಟ್ತು, ತುಟಿಗೆ ಬಂತು.

"ಯವ್ವಾ! ಬ್ಯಾಡ್ರೀ!"

ಉಡಚಪ್ಪ ಹಾರಿ ಬಂದು ಅವರ ಕೈ ಹಿಡಿದ. ಅನ್ನ ಚೆಲ್ಲಾಪಿಲ್ಲಿ ಆತು. "ಯಾರೂ ಉಣಬ್ಯಾಡ್ರಿ! ಕಿಲುಬು ಐತಿ! ಅವ್ವಾರು ಡಬ್ಬ ಹಾಕಿದ್ದನ್ನ ನಾನ ಎತ್ತಿನಿ, ನಾನ!"

ಸಾವಿರ ತುತ್ತು ಗಾಳಿಯೊಳಗ ನಿಂತವು. ಹೊನ್ನವ್ವನ ತುತ್ತು ಗಂಗಾಳಕ್ಕ ಬಿತ್ತು. ಆಮ್ಯಾಲ ಗದ್ದಲ ಎದ್ದಿತು. ಗಂಡಸರು ಮ್ಯಾಲೆದ್ರು, ಒಬ್ಬ ಗುಂಡಕಲ್ಲು ಎತ್ತಿದ.

ತಾಯಿಯವರು ಎದ್ದು ನಿಂತ್ರು. "ಹಸಿದವರು ಕಲ್ಲು ಎತ್ತಬಾರದು. ಗಂಗಾಳ ಎತ್ರಿ."

ಅಷ್ಟ ಮಾತು. ಕಲ್ಲು ನೆಲಕ್ಕ ಇಳೀತು. ಸಾವಿರ ಮಂದಿ ತಮ್ಮ ತಮ್ಮ ಗಂಗಾಳ ಹೊತ್ತು ಬಾವಿ ಕಟ್ಟಿಗೆ ಬಂದ್ರು. ತಾಯಿಯವರು ಚಪ್ಪಡಿ ಕಲ್ಲಿನ ಮ್ಯಾಲ ಒಂದು ಕಡೆ ಸರಿದು ಜಾಗಾ ಮಾಡಿದ್ರು. ನಾರು ಉಡಚಪ್ಪನ ಕೈಗೆ ಕೊಟ್ರು. ಇಬ್ಬರೂ ಕುಂತು ತಿಕ್ಕಿದ್ರು. ಆ ಹೊತ್ತು ಸೂರ್ಯ ಮುಳುಗೋದನ್ನ ಮರೆತು ಬೇವಿನ ಟೊಂಗಿ ಮ್ಯಾಲ ನಿಂತು ನೋಡಿದ. ಅತ್ತ ಹೆಣ್ಮಕ್ಕಳು ಸೇರಿ ಜ್ವಾಳದ ನುಚ್ಚು ಕುದಿಸಿದ್ರು, ಮಜ್ಜಿಗಿ ಮಣ್ಣಿನ ಗಡಿಗ್ಯಾಗ ಕಡೆದ್ರು.

ಕಡೀಕ ಕೊಪ್ಪರಿಗಿ ಬಂತು. ಉಡಚಪ್ಪ ಅದರೊಳಗ ಇಳಿದು ತಿಕ್ಕಿದ. ಕಣ್ಣೀರು ಯಾವುದು, ಬಾವಿ ನೀರು ಯಾವುದು ತಿಳೀಲಿಲ್ಲ.

"ಏನು ಕಾಣತೈತಿ?" ಅಂದ್ರು ತಾಯಿಯವರು.

"ತಾಮ್ರ ಕಾಣತೈತ್ರೀ ಯವ್ವಾ."

"ಮುಂಜಾನೇನೂ ಕಾಣತಿತ್ತು."

ಉಡಚಪ್ಪ ಕೊಪ್ಪರಿಗಿಯೊಳಗ ಮಂಡಿ ಊರಿ ಅವರ ಬೂದಿ ಕೈಗೆ ಹಣಿ ಹಚ್ಚಿದ. ಆ ಬೂದಿ ಅವನ ಹಣಿ ಮ್ಯಾಲ ಸಾಯೋತನಕ ಅಳೀಲೇ ಇಲ್ಲ. ನೋಡಿದವರು ವಿಭೂತಿ ಅಂತಿದ್ರು.

ಮತ್ತ ಅವ ಸೌಟು ಮುಟ್ಟಲಿಲ್ಲ. ತಾಯಿಯವರು ಲಿಂಗೈಕ್ಯರಾದ ಮ್ಯಾಲ ಆ ಕಲ್ಲು ಅವನ ಪಾಲಿಗೆ ಬಂತು, ಮೊದಲ ತುತ್ತೂ ಬಂತು. ದಿನಾ ಆ ತುತ್ತು ಎತ್ತುವಾಗ ಅವನ ಕೈ ಗಡಗಡ ನಡುಗತಿತ್ತು. ಹೊನ್ನವ್ವನ ಮಗ ಮೀಸಿ ಬಂದ ಮ್ಯಾಲ ಒಮ್ಮೆ ಕೇಳಿದ, "ಇನ್ನೂ ಯಾಕ ಅಂಜ್ತಿ ಮುತ್ಯಾ? ತಾಯಿಯವರನ್ನ ನೆನೆದು ಬಿಡಿಸ್ಕೋಬಾರದ ಈ ಅಂಜಿಕಿ?"

ಉಡಚಪ್ಪ ತುತ್ತು ಬಾಯಿಗೆ ಇಟ್ಟ, ನುಂಗಿದ, ಪಂಕ್ತಿಗೆ "ಉಣ್ರಿ" ಅಂತ ಕೈ ಮಾಡಿದ. ಆಮ್ಯಾಲ ಮೊಮ್ಮಗನ ಕಡೆ ಹೊಳ್ಳಿ ಅಂದ:

"ಬ್ಯಾಡಪಾ. ಇದನ್ನ ಅವರೇ ಕೊಟ್ಟಾರ."