ಕೆಳಮೂಲೆಯ ಸಾಲು

ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸೊಂದರ ಕಂಪ್ಯೂಟರಿನಲ್ಲಿ ಎರಡು ಅಕ್ಷರಶೈಲಿಗಳಿದ್ದವು. ದಪ್ಪಗೆ, ನೆಟ್ಟಗೆ ನಿಲ್ಲುವ ಗಂಭೀರನಿಗೆ ವಧೂವರರ ಹೆಸರು. ಕೈಬರಹದಂತೆ ಓಲಾಡುವ ಗೀಚಿಗೆ, ಮನೆಯ ಮಕ್ಕಳೇ ಕರೆದಂತೆ ಕೆಳಮೂಲೆಯಲ್ಲಿ ಹಾಕುವ ಒಂದೇ ಸಾಲು: ‘ನಮ್ಮ ಕಾಕಾನ ಮದುವಿಗೆ ಎಲ್ಲಾರೂ ಬರ್ರಿ.’

“ನಿನ್ನ ತಲೆಕಟ್ಟು ವಾರೆ, ಕೊಂಬು ಸೊಟ್ಟ. ನೆಟ್ಟಗಾಗು, ಇಲ್ಲವೇ ಜಾಗ ಬಿಡು,” ಎಂದ ಗಂಭೀರ.

“ಜಾಗ ಬಿಟ್ಟೇನು ಅಣ್ಣಾ, ನೆಟ್ಟಗಾಗಲಾರೆ. ಮಕ್ಕಳ ಕೈ ಓಡುವುದೇ ಹೀಗೆ.”

ಗಂಭೀರ ಆ ಸಾಲಿನಲ್ಲೂ ತಾನೇ ನಿಂತ. ಕರಡು ಪ್ರತಿ ವರನ ಅಜ್ಜಿ ತುಂಗವ್ವನ ಕೈಗೆ ಹೋಯಿತು. ಕೆಳಮೂಲೆ ನೋಡಿದವಳೇ ಹುಬ್ಬು ಗಂಟಿಕ್ಕಿದಳು. “ಏನಪ್ಪಾ ಇದು? ನಮ್ಮ ಹುಡುಗ್ರು ಕರೀತಾವೋ, ಕೋರ್ಟಿನವರು ಕರೀತಾರೋ? ಹುಡುಗ್ರು ಕೈಲೆ ಬರೆದಂಗ ಹಾಕಿ ಕೊಡ್ರಿ.”

ಹಾಳೆ ಹಿಂದಕ್ಕೆ ಬಂತು. ಗಂಭೀರ ಗಂಟಲು ಸರಿಪಡಿಸಿಕೊಂಡ. “ಬಾ ತಂಗಿ. ಆದರೂ ನಾಲ್ಕು ಜನ ನೋಡುವ ಕಾಗದ, ತಲೆಕಟ್ಟೊಂದನ್ನಾದರೂ ಸರಿಮಾಡಿಕೋ.”

“ಸರಿಮಾಡಿಕೊಂಡರೆ ನಾನೂ ನೀನೇ ಆಗುತ್ತೇನೆ. ನಿನ್ನನ್ನು ಈಗಷ್ಟೇ ಅಜ್ಜಿ ಹಿಂದಕ್ಕೆ ಕಳಿಸಿದಳಲ್ಲ,” ಎನ್ನುತ್ತಾ ಗೀಚಿ ಕೆಳಮೂಲೆಗೆ ಬಂದು, ಮೊದಲಿಗಿಂತ ತುಸು ಹೆಚ್ಚೇ ವಾಲಿ ನಿಂತಳು.