ಕಮಾನಿಗೆ ಎರಡು ಪಟ್ಟಿ

"ಅಜ್ಜಾರ, ಎಷ್ಟ ಭಾರ ಬಿದ್ರೂ ಬಗ್ಗದಂಗ ಮನಸ್ಸು ಗಟ್ಟಿ ಮಾಡ್ಕೊಳ್ಳೂದು ಹೆಂಗ್ರಿ?"

ಮಠದ ದಾಸೋಹ ನೋಡಿಕೊಳ್ಳುವ ನಿಜಲಿಂಗ, ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ, ಗುರುಗಳ ಮುಂದೆ ಕುಳಿತು ಹೀಗೆ ಕೇಳಿದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ತೀರಿಕೊಂಡು ಅಂದಿಗೆ ಒಂಬತ್ತು ದಿನವಾಗಿತ್ತು. ಅವಳು ತೀರಿಕೊಂಡ ದಿನ ಬೆಳಿಗ್ಗೆ ಮಣ್ಣಿಗೆ ಹೋದವನು ಸಂಜೆಯ ಪಂಕ್ತಿಗೇ ಮರಳಿ ಬಂದು ಸೌಟು ಹಿಡಿದಿದ್ದ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಎಂಥ ಗಟ್ಟಿ ಮನುಷ್ಯ ಎಂದು ಊರೆಲ್ಲ ಹೊಗಳಿತ್ತು. ಅವನೂ ಹಾಗೆಯೇ ತಿಳಿದಿದ್ದ.

ಆದರೆ ಈ ದಿನ ಒಬ್ಬ ಹೆಂಗಸು ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕೋ ತಮ್ಮಾ" ಎಂದಳು. ಅಕ್ಕ ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಸೌಟು ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬ ಇನ್ನೊಂದಿಷ್ಟು ಸಾರು ಕೇಳಿದ. ನಿಜಲಿಂಗ ಇಡೀ ಪಂಕ್ತಿಗೆ ಕೇಳುವಂತೆ ಅವನನ್ನು ಗದರಿದ. ಮುದುಕ ಉಣ್ಣುವ ತಾಟು ಬಿಟ್ಟು ಎದ್ದು ಹೋದ. ದಾಸೋಹದ ಮನೆಯಿಂದ ಹಿಂದೆ ಎಂದಾದರೂ ಹಸಿದವನೊಬ್ಬ ಎದ್ದು ಹೋದದ್ದು ಮಠದಲ್ಲಿ ಯಾರಿಗೂ ನೆನಪಿರಲಿಲ್ಲ. ತನ್ನ ಮನಸ್ಸು ಇನ್ನೂ ಸಾಕಷ್ಟು ಗಟ್ಟಿಯಾಗಿಲ್ಲ, ಅದಕ್ಕೇ ಹೀಗಾಯಿತು ಎಂದು ನಿಜಲಿಂಗ ಲೆಕ್ಕ ಹಾಕಿಕೊಂಡು ಬಂದಿದ್ದ.



"ನೀ ಕೇಳಿದ್ದು ಗಾಡಿಯವರು ಕೇಳೂ ಪ್ರಶ್ನೆ ಐತಿ" ಎಂದರು ಗುರುಗಳು. "ಅದಕ್ಕ ಗಾಡಿ ಕತೀನ ಹೇಳ್ತೀನಿ. ಪುರಾಣದಾಗ ಹುಡುಕಬ್ಯಾಡ, ಸಿಗೂದಿಲ್ಲ."

ಅವರು ಹೇಳಿದ ಕತೆ ಇದು.

ಒಬ್ಬ ಗಾಡಿಯವನಿದ್ದ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಕಲ್ಲು ಮಾರುವ ಅಡ್ಡೆಯಿಂದ ತುಂಬಿಕೊಂಡು ಮನೆ ಕಟ್ಟುವವರಿಗೆ ಮುಟ್ಟಿಸುವುದು ಅವನ ಕಸುಬು. ಅದಕ್ಕೆಂದೇ ಒಂದು ದೊಡ್ಡ ಪಿಕಪ್ಪು ಇಟ್ಟಿದ್ದ. ಅದರ ಮೇಲೆ ಅವನಿಗೆ ವಿಪರೀತ ಮಮತೆ. ತಾನು ಮುಖ ತೊಳೆಯುವ ಮೊದಲು ಅದರ ಗಾಜು ತೊಳೆಯುತ್ತಿದ್ದ. ಅಮಾವಾಸ್ಯೆಗೊಮ್ಮೆ ಹೆಂಡತಿ ಅದಕ್ಕೆ ಕಾಯಿ ಒಡೆದು ಹೂವಿನ ಮಾಲೆ ಕಟ್ಟುತ್ತಿದ್ದಳು. ಅವಳೂ ಗಂಡನ ಜೊತೆಗೇ ಗಾಡಿಯಲ್ಲಿ ಹೋಗುತ್ತಿದ್ದಳು. ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಮಾತಾಡುತ್ತ, ಕಲ್ಲು ಇಳಿಸುವಾಗ ಒಡೆದದ್ದೆಷ್ಟು ಎಂದು ಎಣಿಸುತ್ತ. ಅವಳು ಪಕ್ಕದಲ್ಲಿಲ್ಲದಿದ್ದರೆ ಅವನಿಗೆ ದಾರಿ ಸಾಗುತ್ತಿರಲಿಲ್ಲ.

ಅಡ್ಡೆಯ ಬಾಗಿಲಲ್ಲಿ ಒಂದು ಚಹಾದಂಗಡಿ. ಉಳಿದ ಗಾಡಿಯವರೆಲ್ಲ ಅಲ್ಲಿ ಕುಳಿತು, ಹೊರಗೆ ಬರುವ ಒಂದೊಂದು ಗಾಡಿಯನ್ನೂ ಹೆಣ್ಣು ನೋಡಲು ಬಂದವರ ಹಾಗೆ ನೋಡುತ್ತಿದ್ದರು. ಭಾರ ಹೊತ್ತೂ ನೆಟ್ಟಗೆ ನಿಂತರೆ ಒಳ್ಳೆಯ ಗಾಡಿ. ಹಿಂಭಾಗ ತಗ್ಗಿದರೆ 'ಕುಂತ ಗಾಡಿ'. ಇವನ ಗಾಡಿ ಕಲ್ಲು ತುಂಬಿದೊಡನೆ ಹಿಂದೆ ತಗ್ಗುತ್ತಿತ್ತು. "ಏ, ನಿನ್ನ ಗಾಡಿ ಮತ್ತ ಕುಂತಲ್ಲೋ! ಚಾಪಿ ಹಾಸೂಣೇನು?" ಎಂದು ಅವರು ದಿನವೂ ಕೂಗುತ್ತಿದ್ದರು. ತನ್ನನ್ನು ಏನೆಂದರೂ ಅವನು ನಕ್ಕುಬಿಡುತ್ತಿದ್ದ. ಗಾಡಿಯನ್ನು ಆಡಿಕೊಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವನ ಗಾಡಿಯನ್ನು ಮೊದಲಿನಿಂದಲೂ ನೋಡಿಕೊಂಡು ಬಂದವನು ಮೌಲಾಸಾಬ ಎಂಬ ಮೇಸ್ತ್ರಿ. ಗಾಡಿಯವನು ಅವನ ಗ್ಯಾರೇಜಿಗೆ ಹೋದ. ಹಿಂದಿನ ಗಾಲಿಗಳ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕುಳಿತಿರುತ್ತವೆ. ಅದಕ್ಕೆ ಕಮಾನು ಎನ್ನುತ್ತಾರೆ. ಆ ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿ ಗಟ್ಟಿ ಮಾಡು ಎಂದು ಕೇಳಿದ.

ಮೌಲಾಸಾಬ ಆಗುವುದಿಲ್ಲ ಎಂದ. "ಬಗ್ಗಲಿ ಬಿಡಪಾ. ಅದಕ್ಕ ಬಗ್ಗೂ ಹಂಗ ಮಾಡ್ಯಾರ" ಎಂದ.

ಗಾಡಿಯವನಿಗೆ ಈ ಮಾತು ರುಚಿಸಲಿಲ್ಲ. ಹೆದ್ದಾರಿಯ ಬದಿಯ ಒಂದು ಕಮಾನಿನ ಅಂಗಡಿಗೆ ಹೋದ. ಅಲ್ಲಿ ಯಾಕೆ ಏನು ಎಂದು ಕೇಳುವವರಿರಲಿಲ್ಲ. ಎರಡು ಗಂಟೆಯಲ್ಲಿ ಎರಡು ಪಟ್ಟಿ ಕೂತವು.

ಮರುದಿನ ಅವನ ಗಾಡಿ ಮೈತುಂಬ ಕಲ್ಲು ಹೊತ್ತು ಅಡ್ಡೆಯ ಬಾಗಿಲಿಗೆ ಬಂದಾಗ ಹಿಂಭಾಗ ಒಂದು ಬೆರಳಿನಷ್ಟೂ ತಗ್ಗಲಿಲ್ಲ. ಚಹಾದಂಗಡಿಯವರು ಕತ್ತು ಚಾಚಿ ಗಾಲಿಗಳನ್ನೇ ನೋಡಿದರು. ಗಾಡಿಯವನಿಗೆ ಸ್ವರ್ಗ ಮೂರೇ ಗೇಣು. ಬೇಕೆಂದೇ ಅಲ್ಲಿ ಗಾಡಿ ನಿಲ್ಲಿಸಿ, ಇಳಿದು, ಬೇಡದಿದ್ದ ಚಹಾ ಕುಡಿದ. ಗಾಡಿ ಇನ್ನೂ ಹೊರಬಲ್ಲದು ಎನ್ನಿಸಿತು. ಮುಂದಿನ ವಾರದಿಂದ ಒಂದು ಸಾಲು ಕಲ್ಲು ಹೆಚ್ಚು ಹೇರಿಸತೊಡಗಿದ.

ಆಮೇಲೆ ಒಂದೊಂದೇ ಕೆಡುತ್ತ ಬಂತು. ವರ್ಷ ಬಾಳಬೇಕಾದ ಹಿಂದಿನ ಟಯರುಗಳು ನಾಲ್ಕು ತಿಂಗಳಿಗೆ ಬೋಳಾದವು. ಗಾಲಿಯ ಬೇರಿಂಗು ಕೂಗತೊಡಗಿತು. ಅದಕ್ಕೆ ಒಂದು ವಾರದ ದುಡಿಮೆ ಹೋಯಿತು. ಏರು ಹತ್ತುವಾಗ ಸುಟ್ಟ ವಾಸನೆ ಬಂದು ಕ್ಲಚ್ ಪ್ಲೇಟು ಸೀದ ಹೋಳಿಗೆಯ ಹಾಗೆ ಕಪ್ಪಾಯಿತು. ಅದಕ್ಕೆ ಒಂದು ತಿಂಗಳಿನದು ಹೋಯಿತು. ಗಾಡಿಯ ಮೈಯನ್ನು ಹೊತ್ತ ಚಾಸಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ಬೆಸುಗೆ ಹಾಕಿಸಬೇಕಾಯಿತು. ಪ್ರತಿ ಸಲವೂ ಅವನು ನಾಚಿಕೆಯಿಂದಲೇ ಮೌಲಾಸಾಬನ ಹತ್ತಿರ ಹೋಗುತ್ತಿದ್ದ. ಮೌಲಾಸಾಬ ಕೆಟ್ಟದ್ದನ್ನು ಸರಿ ಮಾಡಿ, ಕೈ ಒರೆಸಿಕೊಂಡು, ಆ ಎರಡು ಪಟ್ಟಿ ತೆಗೆದುಬಿಡೋಣ ಎನ್ನುತ್ತಿದ್ದ. ಗಾಡಿಯವನು ತಲೆ ಅಲ್ಲಾಡಿಸುತ್ತಿದ್ದ. ಉಳಿದದ್ದೆಲ್ಲ ಕೆಟ್ಟರೂ ಕಮಾನು ಮಾತ್ರ ಗಟ್ಟಿಯಾಗಿದೆಯಲ್ಲ ಎಂಬುದು ಅವನ ಸಮಾಧಾನ. ಅವನ ದಡ್ಡತನಕ್ಕೆ ಬಯ್ಯಬೇಕೆನ್ನಿಸುತ್ತದೆ. ಆದರೆ ಪ್ರೀತಿಸಿದ್ದನ್ನು ಯಾರೂ ಆಡಿಕೊಳ್ಳಬಾರದು ಎಂಬ ಆಸೆ ಯಾರಿಗಿಲ್ಲ?

ಒಂದು ದಿನ ಹೊಳೆಯ ಸೇತುವೆಯ ಕಡೆಗೆ ಇಳಿಜಾರಿನಲ್ಲಿ ಬರುತ್ತಿದ್ದರು. ಹಿಂದೆ ಕಲ್ಲು, ಪಕ್ಕದಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಬುತ್ತಿ. ಕೆಳಗೆ ಒಂದು ಕುರಿಹಿಂಡು ರಸ್ತೆ ದಾಟುತ್ತಿತ್ತು. ಅವನು ಬ್ರೇಕು ತುಳಿದ. ಮುಂದಿನ ಗಾಲಿಗಳು ಹಿಡಿದವು. ಹಿಂದಿನವು ಹಿಡಿಯಬೇಕಾದಷ್ಟು ಹಿಡಿಯಲಿಲ್ಲ. ಗಾಡಿ ಮೂಗು ತಗ್ಗಿಸಿ ಜಾರುತ್ತಲೇ ಹೋಯಿತು. ಅವನು ಎರಡೂ ಕಾಲೂರಿ ತುಳಿದ. ಹೆಂಡತಿ ಕೂಗಲಿಲ್ಲ, ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ರಸ್ತೆಯ ಬದಿಗೆ ಮರಳಿನ ಗುಡ್ಡೆಯೊಂದು ಕಂಡಿತು. ಅವನು ಗಾಡಿಯನ್ನು ಅದಕ್ಕೆ ನುಗ್ಗಿಸಿದ.

ಗಾಡಿ ನಿಂತಿತು. ಎದುರಿನ ಗಾಜಿಗೆಲ್ಲ ಬುತ್ತಿಯ ಮೊಸರನ್ನ ಮೆತ್ತಿತ್ತು. ಅವನು ಮೊದಲು ಹೆಂಡತಿಯ ಹಣೆ ಮುಟ್ಟಿ ನೋಡಿದ, ಆಮೇಲೆ ಕೈ, ಆಮೇಲೆ ಮತ್ತೆ ಹಣೆ. ಏನೂ ಆಗಿರಲಿಲ್ಲ.

"ಕುರಿ ಒಂದೂ ಸಾಯಲಿಲ್ಲ ನೋಡ್ರಿ" ಎಂದಳು ಅವಳು. ಅವನ ತೋಳನ್ನು ಮಾತ್ರ ಬಿಡಲಿಲ್ಲ. ಆ ಹಿಡಿತದ ಗುರುತು ಅವನ ತೋಳಿನ ಮೇಲೆ ಮೂರು ದಿನ ಇತ್ತು. ಅಷ್ಟು ದಿನವೂ ಅವನಿಗೆ ನಿದ್ದೆ ಬರಲಿಲ್ಲ.

ಅವನು ಗಾಡಿಯನ್ನು ಎಳೆಸಿಕೊಂಡು ಮೌಲಾಸಾಬನಲ್ಲಿಗೆ ಹೋದ. ಬ್ರೇಕು ಕೆಟ್ಟಿದೆ, ಎಷ್ಟಾದರೂ ಆಗಲಿ, ಎಲ್ಲ ಹೊಸದು ಹಾಕು ಎಂದ. ಮೌಲಾಸಾಬ ಗಾಡಿಯ ಕೆಳಗೆ ನುಸುಳಿ ಎಲ್ಲ ಬಿಚ್ಚಿ ನೋಡಿದ. ಬ್ರೇಕಿನಲ್ಲಿ ಒಂದು ದೋಷವೂ ಇರಲಿಲ್ಲ. ಆಗ ಅವನು ಗಾಡಿಯವನನ್ನೂ ಕೆಳಗೆ ಕರೆದು ಪಕ್ಕದಲ್ಲಿ ಮಲಗಿಸಿಕೊಂಡ. ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಇರಚಿಯಿಂದ ಮೇಲಿನ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿತ್ತು. ಕಿರುಬೆರಳಿಗಿಂತ ದಪ್ಪವಿರಲಿಲ್ಲ. ಇಷ್ಟು ವರ್ಷ ಗಾಡಿ ತೊಳೆದವನು ಅದನ್ನು ಕಂಡೇ ಇರಲಿಲ್ಲ.

"ಇದು ಏನ ಗೊತ್ತೈತೇನು?" ಎಂದ ಮೌಲಾಸಾಬ. "ಭಾರ ಬಿದ್ದಾಗ ಗಾಡಿ ಹಿಂದ ಬಗ್ಗತೈತಿ. ಬಗ್ಗಿದ್ರ ಈ ಕಡ್ಡಿ ಅಲ್ಲಾಡಿ ಬ್ರೇಕಿಗೆ ಹೇಳತೈತಿ, ಮ್ಯಾಲ ಭಾರ ಐತಿ, ಜೋರ ಹಿಡಿ ಅಂತ. ನೀ ಬಗ್ಗೂದ ಬಿಡಿಸಿದಿ. ಬ್ರೇಕ ಪಾಪ ಖಾಲಿ ಗಾಡಿ ಅಂತ ತಿಳಕೊಂಡು ಮೆಲ್ಲಕ ಹಿಡದೈತಿ. ಅದರದೇನ ತಪ್ಪು?"

ಗಾಡಿಯವನು ಮಲಗಿದಲ್ಲೇ ಆ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದ. ಹೆಂಡತಿಯ ಹಣೆಯನ್ನು ಮುಟ್ಟಿದ ಹಾಗೆಯೇ ಮುಟ್ಟಿದ. ಎದ್ದು ಬಂದು, ಎರಡೂ ಪಟ್ಟಿ ತೆಗಿ ಎಂದ. ಕೂಲಿ ಎಷ್ಟಾಯಿತು ಎಂದು ಕೇಳಿದ್ದಕ್ಕೆ ಮೌಲಾಸಾಬ, "ಹಾಕಿದ್ರ ರೊಕ್ಕ ತಗೋಬಹುದು, ತಗದದ್ದಕ್ಕ ಏನ ತಗೊಳ್ಳಲಿ? ಚಾ ಕುಡಸು" ಎಂದ.

ಮರುದಿನ ಹೆಚ್ಚಿನ ಸಾಲನ್ನು ಬಿಟ್ಟು ಮೊದಲಿನಷ್ಟೇ ಕಲ್ಲು ಹೇರಿಸಿದ. ಗಾಡಿ ಮೊದಲಿನಂತೆಯೇ ಹಿಂದೆ ತಗ್ಗಿತು. ಚಹಾದಂಗಡಿಯವರಿಗೆ ಹಬ್ಬ. "ಮತ್ತ ಕುಂತಲ್ಲೋ!" ಎಂದು ಒಂದೇ ದನಿಯಲ್ಲಿ ಕೂಗಿದರು. ಗಾಡಿಯವನು ಬಾಯಿ ತೆರೆಯುವ ಮೊದಲೇ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಕುಂತ್ರ ಕುಂತೈತಿ" ಎಂದಳು. "ಕಲ್ಲು ಹೊತ್ತೈತ್ರೆಪಾ, ಹತ್ತಿ ಅಲ್ಲ."

ಗುರುಗಳು ಕತೆ ಮುಗಿಸಿ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದರು. ಹೊರಗೆ ಅಂಗಳದಲ್ಲಿ ಯಾರೋ ತಾಟು ತೊಳೆಯುತ್ತಿದ್ದರು. ನಿಜಲಿಂಗ ಹಿಂದಿನ ಬಾಗಿಲ ಕಡೆಗೆ ನೋಡಿದ. ತಾಟು ಬಿಟ್ಟು ಎದ್ದ ಮುದುಕ ಅಲ್ಲಿಂದಲೇ ಹೋಗಿದ್ದ.

"ಆ ಮುದುಕನ ಮನೀಗೆ ಸಂಜಿಕೆ ಬುತ್ತಿ ಒಯ್ದು ಕೊಟ್ಟು, ತಪ್ಪಾತು ಅಂತ ಹೇಳಿ ಬರ್ತೀನ್ರಿ ಅಜ್ಜಾರ" ಎಂದ. "ಇನ್ನ ಮುಂದ ಹಂಗ ಆಗೂದಿಲ್ಲ. ಇನ್ನಷ್ಟು ಗಟ್ಟಿ ಆಗ್ತೀನ್ರಿ."

ಹೇಳುವಾಗ ಅವನ ಬೆನ್ನು ನೆಟ್ಟಗಿತ್ತು, ಕೈಗಳು ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದವು. ಗುರುಗಳು ಚೀಲವನ್ನು ಪಕ್ಕಕ್ಕಿಟ್ಟು, ಹತ್ತಿರ ಸರಿದು, ಆ ಬೆನ್ನಿನ ಮೇಲೆ ಕೈಯಿಟ್ಟರು.

"ಅಕ್ಕ ಹೋಗಿ ಒಂಬತ್ತ ದಿನ ಆತು, ಈಗರ ಒಂದೀಟು ಬಗ್ಗೋ ತಮ್ಮಾ."